ಒಂದು ಮೊರ ತೌಡು

ಮುದ್ದಮ್ಮನವರನ್ನು ಕೂರಿಸುವುದು ನನ್ನ ಕೈಲಿ ಆಗಲಿಲ್ಲ. ಊರಲ್ಲಿ ಯಾರ ಕೈಲೂ ಆಗಿಲ್ಲವಂತೆ. ಎಂಬತ್ತು ದಾಟಿದೆ, ಮಂಡಿ ಸವೆದಿದೆ, ಹಾಸನದಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಗಿದೆ. ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ತಿರುಗುತ್ತಾರೆ. ನಾನು ಬೆಳಿಗ್ಗೆ ಬಸ್ಸಿಳಿಯುವಾಗ ಹುಣಸೆ ಮರದ ಕೆಳಗೆ ಪುಳ್ಳೆ ಆಯುತ್ತಿರುತ್ತಾರೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಶಾಲೆಯ ಕಾಂಪೌಂಡಿನಾಚೆ ಮೇಕೆಗೆ ಸೊಪ್ಪು ಮುರಿಯುತ್ತಿರುತ್ತಾರೆ. ಮಕ್ಕಳು ಊಟಕ್ಕೆ ಕೂತಾಗ ದೂರದ ನಾಲೆ ಏರಿಯ ಮೇಲೆ ಅವರ ಬಿಳಿ ತಲೆ ಕಾಣುತ್ತದೆ. ಊರಿನವರು ಅವರಿಗೆ ‘ಅವಳು’ ಅನ್ನುತ್ತಾರೆ, ತೋಟದಮನೆ ಕೆಂಪಣ್ಣನವರಿಗೆ ‘ಅವರು’ ಅನ್ನುತ್ತಾರೆ. ನಾನು ಇಬ್ಬರಿಗೂ ‘ಅವರು’ ಅನ್ನುತ್ತೇನೆ. ಯಾರಿಗೆ ಸರಿಬರಲಿಲ್ಲವೋ ಅವರು ಬೇರೆ ಮೇಡಂ ಹುಡುಕಿಕೊಳ್ಳಲಿ.

ನಾನು ನೀಲಾಂಬಿಕೆ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿ ಬಸ್ಸಿಳಿಯುವುದು ಕಷ್ಟ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಇದೆ ಎಂದುಕೊಳ್ಳಿ. ಹಾಸನದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತೇನೆ. ಬರುವಾಗ ತಡವಾಗುತ್ತದೆ ಎಂಬ ತಳಮಳ, ಹೋಗುವಾಗ ಬಸ್ಸು ತಪ್ಪುತ್ತದೆ ಎಂಬ ತಳಮಳ. ಇವೆರಡರ ನಡುವೆ ಪಾಠ ಮಾಡುತ್ತೇನೆ.

ಮೂರನೇ ತರಗತಿಗೆ ಮನೆತನದ ಪಾಠವಿದೆ. ವಂಶವೃಕ್ಷ ಬರೆಸಿ, ಸರಿ ಗುರುತು ಹಾಕಿ, ಮುಂದಿನ ಪಾಠಕ್ಕೆ ಹೋಗುವುದು ವಾಡಿಕೆ. ಈ ಸಲ ನನಗೆ ಏನು ಹೊಕ್ಕಿತೋ, ಮಕ್ಕಳ ಕೈಗೆ ಹನ್ನೊಂದು ಪ್ರಶ್ನೆಗಳ ಪಟ್ಟಿ ಕೊಟ್ಟು ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದೆ. ಹಿರಿಯರು ಎಲ್ಲಿ ಹುಟ್ಟಿದರು, ನಿಮ್ಮ ವಯಸ್ಸಿನಲ್ಲಿ ಏನು ಕೆಲಸ ಮಾಡುತ್ತಿದ್ದರು, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಇಂಥವು. ಏಳನೆಯದು ನಾನೇ ಸೇರಿಸಿದ್ದು: ನಿಮ್ಮ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೋದವರು ಯಾರು? ನನಗೊಬ್ಬಳು ಅಕ್ಕ ಇದ್ದಳಂತೆ. ನಮ್ಮಮ್ಮ ಸಾಯುವವರೆಗೂ ಅವಳ ಹೆಸರು ಹೇಳಲಿಲ್ಲ. ಆ ಪ್ರಶ್ನೆ ನನ್ನೊಳಗೆ ಹಾಗೇ ಉಳಿದು, ಮಕ್ಕಳ ಪಟ್ಟಿಗೆ ಇಳಿದಿರಬೇಕು.

ಒಂದು ವಾರದಲ್ಲಿ ಊರಿನ ನೆಮ್ಮದಿ ಕೆಟ್ಟಿತು. ಕೀರ್ತಿರಾಜನ ಅಪ್ಪನೂ ದೊಡ್ಡಪ್ಪನೂ ತಮ್ಮಿಬ್ಬರಲ್ಲಿ ಮೊದಲು ಹುಟ್ಟಿದ್ದು ಯಾರು ಎಂದು ಜಗಳಕ್ಕೆ ಬಿದ್ದು ಮಾತು ಬಿಟ್ಟರು. ಸಿಂಧುವಿನ ಅಜ್ಜಿಗೆ ಮದುವೆಗೆ ಮುಂಚೆ ಬೇರೆ ಹೆಸರಿತ್ತು ಎಂಬುದು ಅವಳ ತಾತನಿಗೇ ಐವತ್ತು ವರ್ಷದ ಮೇಲೆ ಗೊತ್ತಾಯಿತು. ಒಬ್ಬ ಹುಡುಗ ‘ನಮ್ಮ ತಾತನ ಮೊದಲ ಕೆಲಸ ಸ್ಕೂಲಿಗೆ ಚಕ್ಕರ್ ಹೊಡೆಯುವುದು’ ಎಂದು ಬರೆದು ತಂದ. ನೆಂಟರಿಷ್ಟರ ಮನೆಗೆಲ್ಲ ಫೋನು ಹೋಗುತ್ತಿತ್ತು. ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡವರು ನಗುತ್ತಲೇ, ಏನು ಮೇಡಂ ಮಕ್ಕಳಿಗೆ ಹಿಂಗೆ ಹಚ್ಚಿಬಿಟ್ಟಿದ್ದೀರಿ ಅನ್ನುತ್ತಿದ್ದರು.

ಶನಿವಾರ ಹಿರಿಯರನ್ನೆಲ್ಲ ಶಾಲೆಗೆ ಕರೆದಿದ್ದೆ, ಅವರಿಗೆ ತೋರಿಸಲು ಮಕ್ಕಳು ಚಾರ್ಟಿನಲ್ಲಿ ಮರ ಬರೆದರು. ಇಂಗ್ಲಿಷ್ ಸೆಕ್ಷನ್ ಬಂದ ಮೇಲೆ ಖಾಸಗಿ ಶಾಲೆಯ ವ್ಯಾನು ಬಿಟ್ಟು ನಮ್ಮಲ್ಲಿಗೆ ಬಂದವನು ಮನು, ಕೆಂಪಣ್ಣನವರ ಮೊಮ್ಮಗ. ಅವನು ತೆಂಗಿನ ಮರ ಬರೆದ. ಕೊಂಬೆಯೇ ಇಲ್ಲದ ಮರದಲ್ಲಿ ವಂಶ ಹೇಗೋ ತೋರಿಸುತ್ತೀಯ ಎಂದರೆ, ನಮ್ಮ ತೋಟದಲ್ಲಿರೋದೇ ಇದು ಮಿಸ್ ಎಂದ. ಗೊನೆಗೊನೆಯಾಗಿ ಕಾಯಿ ಬರೆದು, ಒಂದೊಂದು ಕಾಯಿಗೆ ಒಂದೊಂದು ಹೆಸರು ಹಾಕಿದ. ಅವನ ತಾತನ ಸಾಲಿನಲ್ಲಿ ಮಾತ್ರ ಒಂದೇ ಕಾಯಿ ಇತ್ತು. ಏಳನೇ ಪ್ರಶ್ನೆಗೆ ಅವನ ಮನೆಯವರು ‘ಯಾರೂ ಇಲ್ಲ’ ಎಂದು ಬರೆಸಿ ಕಳಿಸಿದ್ದರು.

ಧನುಶ್ರೀ ಬರೆದದ್ದು ಅರಳಿ ಮರ. ಅವಳಪ್ಪ ಅಶೋಕ ಹಾಸನದಲ್ಲಿ ಬಸ್ ಕಂಡಕ್ಟರು. ಅವರ ಮನೆ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಬುದ್ಧನ ಮರವನ್ನೇ ಬರಿ ಎಂದು ಅವನೇ ಹೇಳಿದ್ದಂತೆ. ಒಂದೊಂದು ಎಲೆಗೆ ಬಾಲ ಎಳೆದು, ಒಳಗೆ ದುಂಡಗೆ ಹೆಸರು ಬರೆದಿದ್ದಳು. ಎಲ್ಲಕ್ಕಿಂತ ಮೇಲೆ ಅವಳ ಮುತ್ತಜ್ಜಿ ಮುದ್ದಮ್ಮ. ಅವರ ಕೆಳಗೆ ಮೂರು ಎಲೆ: ಬೋರ (ಎರಡು ವರ್ಷ), ಕೆಂಪಣ್ಣ, ಚೆಲುವಯ್ಯ. ಚೆಲುವಯ್ಯ ಅವಳ ತಾತ, ಚನ್ನರಾಯಪಟ್ಟಣದ ತೆಂಗಿನ ನಾರಿನ ಕಾರ್ಖಾನೆಯಲ್ಲಿ ವಾಚ್‌ಮನ್, ಅದು ನನಗೆ ಗೊತ್ತು. ಈ ಕೆಂಪಣ್ಣ ಯಾರು ಎಂದು ಕೇಳಿದೆ.

“ತೋಟದಮನೆ ಕೆಂಪಣ್ಣ ತಾತ ಮಿಸ್. ನಮ್ಮ ಮುತ್ತಜ್ಜಿ ಕೊಂಡ್ಕೊಂಡಿದ್ದು, ಒಂದ್ ಮೊರ ತೌಡು ಕೊಟ್ಟು.”

ತರಗತಿಯೆಲ್ಲ ನಕ್ಕಿತು. ಮನು ಎದ್ದು ನಿಂತು, ಅದು ನಮ್ಮ ತಾತ ಎಂದ. ಅಳುತ್ತಾನೆ ಎಂದುಕೊಂಡೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿ, ಹಾಗಾದರೆ ಇವಳು ನನಗೆ ತಂಗಿ ಆಗಬೇಕಲ್ಲ ಮಿಸ್ ಎಂದು ಕೇಳಿದ. ಅವನಿಗೆ ತಂಗಿ ಇಲ್ಲ. ಅಂದು ಮೊಟ್ಟೆ ಕೊಡುವ ದಿನ; ಮಧ್ಯಾಹ್ನ ತನ್ನ ಮೊಟ್ಟೆಯ ಹಳದಿಯನ್ನು ಹೊಸ ತಂಗಿಯ ತಟ್ಟೆಗೆ ಹಾಕಿದ. ಅವನಿಗೆ ಹಳದಿ ಸೇರುವುದಿಲ್ಲ, ಅದು ಬೇರೆ ಮಾತು.

ಧನುಶ್ರೀಯ ನೋಟ್‌ಬುಕ್ಕಿನಲ್ಲಿ ಕತೆ ಪೂರ್ತಿ ಇತ್ತು. ಕೆಂಪಣ್ಣನವರ ತಾಯಿಗೆ ಮೊದಲ ಮೂರು ಕೂಸು ಹೆಸರಿಡುವ ಮುಂಚೆಯೇ ಹೋದವು. ನಾಲ್ಕನೆಯದು ಹುಟ್ಟಿದಾಗ ಹಿರಿಯರು ಒಂದು ಉಪಾಯ ಹೇಳಿದರು. ಹಳೆಯ ಮೈಸೂರು ಸೀಮೆಯಲ್ಲಿ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಉಪಾಯವೇ: ಮಗು ಉಳಿಯಬೇಕಾದರೆ ಅದನ್ನು ಮಾರಿಬಿಡಬೇಕು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಆ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದ ಮುದ್ದಮ್ಮನವರನ್ನು ಕರೆದರು. ಅವರ ಮಡಿಲಲ್ಲಿ ಆಗ ಎರಡು ವರ್ಷದ ಗಟ್ಟಿಮುಟ್ಟಾದ ಗಂಡು ಮಗುವಿತ್ತು. ಅವರು ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡರು, ತಿಪ್ಪೆಯ ಪಕ್ಕದಲ್ಲೇ ನಿಂತು ಎದೆಗಿಟ್ಟುಕೊಂಡು ಹಾಲು ಕುಡಿಸಿದರು, ತಿಪ್ಪ ಎಂದು ಹೆಸರು ಕರೆದರು. ಆಮೇಲೆ ಸಾಕಿಕೊಡಿ ಎಂದು ಅದರ ತಾಯಿಯ ಕೈಗೇ ಕೊಟ್ಟರು. ಆ ಮನೆಯವರು ಕೂಸಿಗೆ ನೀರು ಹುಯ್ದು ಒಳಗೆ ಕರೆದುಕೊಂಡರು. ಆ ಕೊನೆಯ ವಾಕ್ಯದ ಕೆಳಗೆ ಧನುಶ್ರೀ, ‘ಚಳಿ ಆಗಿರಬೇಕು’ ಎಂದು ತಾನೇ ಸೇರಿಸಿದ್ದಳು.

ಅಂದು ಸಂಜೆ ಬಸ್ಸಿನಲ್ಲಿ ನಿಂತಿರುವಾಗಲೇ ಮನುವಿನ ತಾಯಿ ರೂಪಶ್ರೀಯ ಫೋನು ಬಂತು. ತಾನು ಅಂಥವಳಲ್ಲ, ತಮ್ಮ ಮನೆಯಲ್ಲಿ ಭೇದವಿಲ್ಲ ಎಂದು ಮೂರು ಸಲ ಹೇಳಿದಳು. ನಾಲ್ಕನೇ ಸಲಕ್ಕೆ ವಿಷಯಕ್ಕೆ ಬಂದಳು. ಶನಿವಾರ ಹಿರಿಯರನ್ನೆಲ್ಲ ಶಾಲೆಗೆ ಕರೆದಿದ್ದೀರಿ, ಯಾರಾದರೂ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕುತ್ತಾರೆ, ನೆಂಟರು ನೋಡುತ್ತಾರೆ, ಮಾವನವರ ಮರ್ಯಾದೆ ಏನಾಗಬೇಕು ಎಂದಳು. ಆ ಹೆಸರು ತೆಗೆಸಿಬಿಡಿ ಮೇಡಂ, ಚಿಕ್ಕ ಮಕ್ಕಳ ಆಟಕ್ಕೆ ಇಷ್ಟೆಲ್ಲ ಯಾಕೆ ಎಂದಳು.

ಮಾರನೇ ಬೆಳಿಗ್ಗೆ ಅಶೋಕ ಡ್ಯೂಟಿಗೆ ಹೋಗುವ ಮುಂಚೆ ಖಾಕಿಯಲ್ಲೇ ಬೈಕು ನಿಲ್ಲಿಸಿದ. ಅವನು ಜಗಳಕ್ಕೆ ಬಂದಿದ್ದಾನೆ, ಹೆಸರು ಉಳಿಸಿ ಅನ್ನುತ್ತಾನೆ ಎಂದು ನಾನು ಮಾತು ಜೋಡಿಸಿಕೊಂಡಿದ್ದೆ. ಅವನು ಬಂದದ್ದು ಅದಕ್ಕಲ್ಲ.

“ನಮ್ ಮರದಲ್ಲಿ ಅವ್ರ ಹೆಸರು ಬ್ಯಾಡ ಮಿಸ್. ಅವ್ರ ಮನೆ ಸಾವು ತಪ್ಪಲಿ ಅಂತ ನಮ್ಮಜ್ಜಿ ಮಡ್ಲಿಗೆ ಹಾಕುದ್ರು. ನಮ್ ಮನೇಲಿ ಮಕ್ಳು ಸತ್ರೆ ಕೇಳೋರಿಲ್ಲ ಅಂತ ತಾನೇ? ಅದ್ನ ಸಂಬಂಧ ಅಂತ ನನ್ ಮಗ್ಳು ಬರ್ಕಂಡು ಕುಂತವ್ಳೆ.”

ಸುಳ್ಳೇಕೆ ಹೇಳಲಿ, ಒಳಗೊಳಗೇ ಹಗುರವಾಯಿತು. ಎರಡು ಕಡೆಯವರಿಗೂ ಬೇಡವಾದದ್ದನ್ನು ನಾನೇಕೆ ಹೊತ್ತುಕೊಳ್ಳಬೇಕು? ಹಸಿರು ಕಾಗದದಲ್ಲಿ ಅರಳಿ ಎಲೆಯೊಂದನ್ನು ಕತ್ತರಿಸಿ ಕೆಂಪಣ್ಣನವರ ಹೆಸರಿನ ಮೇಲೆ ಅಂಟಿಸಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಧನುಶ್ರೀ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಈಗ ಒಂದು ಎಲೆಗೆ ಹೆಸರೇ ಇಲ್ಲ ಮಿಸ್ ಎಂದಳು. ಹೋಗಿ ಕೂತುಕೋ ಎಂದು ಗದರಿದೆ. ಎಂಟು ವರ್ಷದ ಮಗುವನ್ನು ಗದರಿಸಿ ನಾನು ಆ ದಿನ ಪಾಠ ಮಾಡಿದ್ದು ಯಾವುದು ಎಂದು ಈಗ ನೆನಪಿಲ್ಲ.

ಮರುದಿನ ಮುದ್ದಮ್ಮನವರು ತರಗತಿಯ ಬಾಗಿಲಿಗೆ ಬಂದರು. ಕುರ್ಚಿ ಎಳೆದು ಕೂತುಕೊಳ್ಳಿ ಎಂದೆ. ಕೂರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಪೊರಕೆ ಎತ್ತಿ ಗೋಡೆಗೆ ಒರಗಿಸಿದರು, ಕಿಟಕಿಯ ಮೇಲಿನ ಸೀಮೆಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸಿದರು, ನಮ್ಮ ಮಗಿನ ಮರ ಯಾವುದು ಎಂದು ಕೇಳಿದರು. ತೋರಿಸಿದೆ. ಅವರಿಗೆ ಓದು ಬಾರದು. ಬೆರಳಿಟ್ಟು ಎಲೆ ಎಣಿಸಿದರು. ನಾನು ಅಂಟಿಸಿದ ಎಲೆಯ ಮೇಲೆ ಬೆರಳು ನಿಂತಿತು. ಮಿಕ್ಕವು ಬಣ್ಣದ ಪೆನ್ಸಿಲ್ಲಿನವು, ಇದು ಉಬ್ಬಿಕೊಂಡಿತ್ತು. ಇದರ ಕೆಳಗೇನಿದೆ ಎಂದು ಕೇಳಿದರು. ನಾನು ರೂಪಶ್ರೀ ಹೇಳಿದ್ದು, ಅಶೋಕ ಹೇಳಿದ್ದು, ನನ್ನ ಕಷ್ಟ, ಎಲ್ಲ ಒದರಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ.

“ಬ್ಯಾರೆವ್ರ ಮಾತ್ ಕೇಳ್ಬ್ಯಾಡ ಕಣವ್ವ. ಶನ್ವಾರ ಬತ್ತೀನಿ. ಈ ಎಲೆ ಕೆಳ್ಗಿರೋನೂ ಬರ್ಲಿ. ನನ್ ಮುಂದೆ ನಿಂತ್ಕಂಡು ಅವ್ನೇ ಬ್ಯಾಡ ಅನ್ಲಿ, ಆಗ ಬುಡದಿಂದ್ಲೇ ಕಿತ್ತಾಕು. ಅಲ್ಲಿಗಂಟ ಇದು ಇಂಗೇ ಇರ್ಲಿ.”

ಇಷ್ಟು ಹೇಳಿ ಹೊರಟರು. ಅಂದಿನಿಂದ ಶನಿವಾರದವರೆಗೆ ನನಗೆ ನೆಟ್ಟಗೆ ನಿದ್ದೆ ಇಲ್ಲ. ಆ ಹೆಸರು ಇದ್ದರೇನು, ಹೋದರೇನು, ಈ ಇಳಿವಯಸ್ಸಿನಲ್ಲಿ ಇವರಿಗೆ ಯಾಕಿಷ್ಟು ಹಟ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಸಂಜೆ ಸಂಜೆ ಶಾಲೆ ಮುಗಿಸಿ ಅವರ ಹಿಂದೆ ಬಿದ್ದೆ. ಅವರು ಕೂರುವವರಲ್ಲ, ಹಾಗಾಗಿ ನಾನೂ ನಡೆಯಬೇಕಾಯಿತು. ನಾಲೆ ಏರಿಯ ಮೇಲೆ ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಮೂರು ಸಂಜೆ ನಡೆದು ಕೇಳಿದ ಬದುಕು ಇದು.

ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಹದಿನಾಲ್ಕಕ್ಕೆ ಮದುವೆಯಾಗಿ ಇಲ್ಲಿಗೆ ಬಂದರು. ಮಾವ ಬೋರಪ್ಪ ತೋಟದಮನೆಯಲ್ಲಿ ಆಳು, ಗಂಡನೂ ಆಳು. ಸೊಸೆಗೆ ಬಂದ ವಾರವೇ ಒನಕೆ ಕೊಟ್ಟರು. ಮೊದಲ ಮಗನಿಗೆ ಮಾವನ ಹೆಸರನ್ನೇ ಇಟ್ಟರು. ನಾಟಿ, ಕಳೆ, ಕೊಯ್ಲು. ಆಮೇಲೆ ಹೇಮಾವತಿ ನಾಲೆ ತೋಡುವಾಗ ಮಣ್ಣು ಹೊರುವ ಕೆಲಸ. ನಾವು ನಡೆಯುತ್ತಿದ್ದ ಏರಿಯನ್ನು ಕಾಲಿನಿಂದ ಒದ್ದು, ಇದರಲ್ಲಿ ನನ್ನ ತಲೆಯ ಮಣ್ಣೂ ಇದೆ ಎಂದರು. ಗಂಡ ಮೂವತ್ತೈದಕ್ಕೆ ಹೋದ. ಚೆಲುವಯ್ಯನನ್ನು ಹೈಸ್ಕೂಲಿನವರೆಗೆ ಓದಿಸಿದರು. ಮೊಮ್ಮಗ ಅಶೋಕ ಕಂಡಕ್ಟರ್ ಆದ ದಿನ ಅವನ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬಂದರಂತೆ, ಎರಡೂ ಕಡೆ ನಿಂತುಕೊಂಡೇ. ಸೀಟಿತ್ತಲ್ಲ ಎಂದರೆ, ಇತ್ತು ಎಂದರು.

ಪ್ರತಿ ಯುಗಾದಿಗೆ ಒಂದು ಹೊಸ ಕರಿ ಉಡಿದಾರ ಹೊಸೆದು ತೋಟದಮನೆಯ ಜಗುಲಿಯ ಕೆಳಗೆ ನಿಲ್ಲುತ್ತಿದ್ದರು. ಕೊಂಡ ತಾಯಿ ಕಟ್ಟಬೇಕಾದ ದಾರ ಅದು. ಹುಡುಗ ಕೆಂಪಣ್ಣ ಓಡಿಬಂದು ಅಂಗಿ ಎತ್ತಿ ನಿಲ್ಲುತ್ತಿದ್ದ. ಹನ್ನೆರಡು ತುಂಬಿದ ಮೇಲೆ ಓಡಿಬರುವುದು ನಿಂತು, ದಾರವನ್ನು ಆಳಿನ ಕೈಲಿ ಒಳಗೆ ಕಳಿಸುವುದಾಯಿತು. ಮಾರಿದ ಮಗನನ್ನು ಮದುವೆಯ ಹೊತ್ತಿಗೆ ತೌಡು, ಸೀರೆ ಕೊಟ್ಟು ಬಿಡಿಸಿಕೊಳ್ಳುವುದು ಪದ್ಧತಿ. ಹೊಳೆನರಸೀಪುರದ ಛತ್ರದಲ್ಲಿ ಕೆಂಪಣ್ಣನವರ ಮದುವೆ. ಮುದ್ದಮ್ಮನವರು ಬೆಳಗಿನಿಂದ ಛತ್ರದ ಹಿಂಬಾಗಿಲಲ್ಲಿ ಕಾದರು. ಯಾರೂ ಕರೆಯಲಿಲ್ಲ. ಕಟ್ಟಲೆಂದು ಒಯ್ದಿದ್ದ ದಾರ ಅವರ ಸೆರಗಿನ ಗಂಟಿನಲ್ಲೇ ವಾಪಸ್ಸು ಬಂತು.

ಇಷ್ಟನ್ನೆಲ್ಲ ಹೇಳಿದವರು ಬೋರನ ವಿಷಯ ಎತ್ತಿದರೆ ಮಾತ್ರ ನಡಿಗೆ ಜೋರು ಮಾಡುತ್ತಿದ್ದರು. ಏಳನೇ ಪ್ರಶ್ನೆಗೆ ಧನುಶ್ರೀಗೂ ಹೆಸರು, ವಯಸ್ಸು ಬಿಟ್ಟು ಬೇರೇನೂ ಹೇಳಿರಲಿಲ್ಲ.

ಶನಿವಾರ ಬಂತು. ಹಿರಿಯರು ಮಕ್ಕಳ ಪುಟಾಣಿ ಬೆಂಚುಗಳಲ್ಲಿ ಮಂಡಿ ಮೇಲೆತ್ತಿಕೊಂಡು ಕೂತರು. ಗೋಡೆ ತುಂಬ ಮರಗಳು. ಅಶೋಕ ರಜೆ ಹಾಕಿ ಬಂದು, ಒಳಗೆ ಬರದೆ, ಕಿಟಕಿಯಾಚೆ ನಿಂತಿದ್ದ. ಮುದ್ದಮ್ಮನವರು ಬಾಗಿಲ ಪಕ್ಕ ನಿಂತು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದರು. ನಾನು ಐದು ನಿಮಿಷಕ್ಕೊಮ್ಮೆ ಗೇಟಿನ ಕಡೆ ನೋಡುತ್ತಿದ್ದೆ. ಕೆಂಪಣ್ಣನವರು ಬಾರದಿದ್ದರೆ ಸಾಕು ಎಂದು ಒಂದು ಮನಸ್ಸು, ಬರಲಿ ಎಂದು ಇನ್ನೊಂದು.

ಅವರು ಬಂದರು. ಸೊಸೆ ಬರಲಿಲ್ಲ. ಕಾರು ಗೇಟಿನ ಹೊರಗೆ ಬಿಟ್ಟು, ಹೊಸ ಟವೆಲ್ಲು ಮುಚ್ಚಿದ ಮೊರವೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಡೆದು ಬಂದರು. ಆ ಮನುಷ್ಯ ಕೈಯಲ್ಲಿ ಏನಾದರೂ ಹೊತ್ತದ್ದನ್ನು ಊರು ನೋಡಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಎದ್ದರು. ಕೆಂಪಣ್ಣನವರು ಕೆಟ್ಟವರಲ್ಲ, ಕಷ್ಟದ ಮಾತನ್ನು ನಾಳೆ ನಾಳೆ ಎಂದು ಮುಂದೂಡುತ್ತ ಅರವತ್ತು ದಾಟಿಸಿದವರು, ಅಷ್ಟೆ. ಮುದ್ದಮ್ಮನವರ ಮುಂದೆ ಮೊರ ಇಳಿಸಿ ಟವೆಲ್ಲು ತೆಗೆದರು. ತೌಡು, ಅದರ ಮೇಲೆ ಒಂದು ಸೀರೆ.

“ಮದ್ವೇಲೇ ಬಿಡಿಸ್ಕಬೇಕಿತ್ತು ಅಂತ ನಮ್ಮವ್ವ ಸಾಯೋಗಂಟ ಅಂತಿದ್ರು, ಮುದ್ದಮ್ಮ. ಆಗ್ಲಿಲ್ಲ. ಈಗ ತಂದಿವ್ನಿ. ತಗಂಡು ನನ್ನ ಬಿಟ್ಬುಡು. ಆಮೇಲೆ ಮಕ್ಳು ಹೆಸರು ತಗೀಲಿ, ಯಾರ್ಗೂ ಬ್ಯಾಸ್ರ ಬ್ಯಾಡ.”

ಅವರ ಲೆಕ್ಕದಲ್ಲಿ ಇದು ನ್ಯಾಯವೇ. ಮಾರಿದ್ದನ್ನು ಕೊಟ್ಟು ಬಿಡಿಸಿಕೊಳ್ಳುತ್ತಿದ್ದಾರೆ, ಕದ್ದು ಅಳಿಸುತ್ತಿಲ್ಲ. ಕಾಗದದ ಎಲೆ ಅಂಟಿಸಿದ ನನಗಿಂತ ಅವರೇ ಮೇಲು ಎಂದು ನನಗೆ ನಾಚಿಕೆಯಾಯಿತು.

ಮುದ್ದಮ್ಮನವರು ಬಗ್ಗಿ ಒಂದು ಚಿಟಿಕೆ ತೌಡು ತೆಗೆದು ಬೆರಳಲ್ಲಿ ಹೊಸೆದು ನೋಡಿದರು. ಇದು ಮಿಶನ್ ತೌಡು, ನಾನು ಕೊಟ್ಟಿದ್ದು ಒನಕೆಯಲ್ಲಿ ಕುಟ್ಟಿದ್ದು, ಅದೂ ನಿಮ್ಮ ಹಟ್ಟಿಯದೇ ಎಂದು ಮೆಲ್ಲಗೆ ಹೇಳಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಆಗ ಮನು ಎದ್ದ. ಬಂದ ಹಿರಿಯರಿಗೆಲ್ಲ ಪ್ರಶ್ನೆ ಕೇಳುವ ಕೆಲಸವನ್ನು ನಾನೇ ಅವನಿಗೆ ವಹಿಸಿದ್ದೆ. ಮುದ್ದಮ್ಮನವರ ಹಾಳೆಯಲ್ಲಿ ಏಳನೆಯದು ಅರ್ಧಕ್ಕೇ ನಿಂತಿತ್ತು. ಅವನು ಅದನ್ನು ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿ, ಬೋರ ಯಾಕೆ ಹೋದ ಮುತ್ತಜ್ಜಿ ಎಂದು ಕೇಳಿದ. ನಾನು ತಡೆಯಲು ಕೈ ಎತ್ತಿದೆ. ಮುದ್ದಮ್ಮನವರು ಆ ಹುಡುಗನನ್ನೇ ನೋಡುತ್ತ ಶುರು ಮಾಡಿದ್ದರು.

“ನಿಮ್ ತಾತನ್ನ ಕ್ವಂಡ್ಕಂಡು ಒಂಬತ್ತನೇ ದಿನ ಕಣಪ್ಪ. ನಿಮ್ ಗದ್ದೇಲಿ ನಾಟಿ. ನಡ ನೋಯ್ತು ಅಂತ ಬದೀನ್ ಮ್ಯಾಲೆ ಒಂದ್ ಗಳ್ಗೆ ಕುಂತ್ಕಂಡು ಎಲೆ ಅಡ್ಕೆ ಆಕ್ಕಂಡೆ. ಆಟೊತ್ಗೆ ಕೂಕ್ಕಂಡು ಬಂದ್ರು. ಬೋರಂಗೆ ವಾಂತಿ ಬೇದಿ. ಸಂಜೀಗೆ ಇಲ್ಲ. ಜವ್ರಾಯ ಮೊದ್ಲು ನಿಮ್ಮಟ್ಟೀಗೇ ಓಗವ್ನೆ. ಮಗ ಎಲ್ಲಿ ಅಂದವ್ನೆ. ಮಾರ್ಬುಟ್ವಿ ಅಂದವ್ರೆ. ಯಾರ್ಗೆ ಅಂದವ್ನೆ. ಮುದ್ದೀಗೆ ಅಂದವ್ರೆ. ಸೀದಾ ನಮ್ ಗುಡ್ಲಿಗೆ ಬಂದವ್ನೆ. ಅಲ್ಲೊಂದು ಮಗ ಮನೀಕಂಡಿತ್ತು. ಇದೇ ಅಂದ್ಕಂಡು ಎತ್ಕಂಡೋದ. ನಾನು ಕುಂತಿದ್ದೆ.”

ಹಾಗಲ್ಲ ಅಜ್ಜಿ, ಅದು ಕೆಟ್ಟ ನೀರಿನಿಂದ ಬಂದ ಕಾಯಿಲೆ, ಉಪ್ಪು ಸಕ್ಕರೆ ನೀರು ಕುಡಿಸಿದ್ದರೆ ಉಳಿಯುತ್ತಿತ್ತು, ನೀವು ಕೂತದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಲು ನನ್ನ ನಾಲಗೆ ತುದಿಯವರೆಗೆ ಬಂತು. ಶಿಕ್ಷಕಿಯಾಗಿ ಹೇಳಬೇಕಾದದ್ದೂ ಅದೇ. ಹೇಳಲಿಲ್ಲ. ಅರವತ್ತು ವರ್ಷ ಒಂದು ಗಳಿಗೆ ಕೂರದ ಕಾಲುಗಳ ಮುಂದೆ ನನ್ನ ವಿಜ್ಞಾನ ಬಾಯಿ ಮುಚ್ಚಿಕೊಂಡಿತು. ಕಿಟಕಿಯಾಚೆ ಅಶೋಕ ಸರಳು ಹಿಡಿದು ನಿಂತಿದ್ದ. ಇದು ಅವನಿಗೂ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಮುದ್ದಮ್ಮನವರು ಕೆಂಪಣ್ಣನವರ ಕಡೆ ತಿರುಗಿದರು. ಹೊರಗೆ ಎದುರಾದಾಗಲೆಲ್ಲ ಗೌಡರೇ ಅನ್ನುತ್ತಿದ್ದವರು ಅಂದು ಹಾಗನ್ನಲಿಲ್ಲ.

“ಸೀರೆ ನಂಗ್ಯಾಕ್ಲಾ ತಿಪ್ಪ. ನಿನ್ ಮ್ಯಾಲೆ ಸಿಟ್ಟಿಲ್ಲ ನಂಗೆ. ನೀನು ಬೆಳ್ದಿದ್ದು, ಮದ್ವೆ ಆಗಿದ್ದು, ಮೊಮ್ಮಗನ್ನ ಎತ್ಕಂಡಿದ್ದು, ಎಲ್ಲ ದೂರದಿಂದ್ಲೇ ನೋಡ್ದೆ. ಓಗ್ಲಿ, ಒಂದಾದ್ರೂ ಉಳೀತು ಅಂದ್ಕಂಡೆ. ಆ ಹೆಸ್ರು ತಗುದ್ರೆ ನನ್ ಬೋರ ಸುಮ್ ಸುಮ್ಕೆ ಸತ್ತಂಗಾಯ್ತದೆ. ಅದೊಂದು ತಡ್ಕಳಕ್ಕಾಗಕ್ಕಿಲ್ಲ. ಈಗ ನೀನೇ ಯೋಳು.”

ಕೆಂಪಣ್ಣನವರು ಮೊರವನ್ನು ನೋಡಿದರು. ಸೀರೆಯನ್ನು ನೋಡಿದರು. ಟವೆಲ್ಲನ್ನು ಕೊಡವಿ ಮೊರದ ಮೇಲೆ ಮತ್ತೆ ಮುಚ್ಚಿದರು. ಮೊರವನ್ನು ಕಾಲಿನಿಂದ ತಳ್ಳಲಿಲ್ಲ, ಬಗ್ಗಿ ಕೈಯಿಂದಲೇ ಎತ್ತಿ ಬಾಗಿಲಾಚೆಯ ಜಗುಲಿಯಲ್ಲಿಟ್ಟು ಬಂದರು. ಆಮೇಲೆ ಮೊಮ್ಮಗನಿಗೆ ನಿನ್ನ ಮರ ತಗೊಂಡು ಬಾ ಎಂದರು.

ಮನು ಗೋಡೆಯಿಂದ ಚಾರ್ಟು ಬಿಚ್ಚಿ ತಂದು ನೆಲದ ಮೇಲೆ ಹಾಸಿದ. ಕೆಂಪಣ್ಣನವರು ಪಂಚೆ ಮಡಿಸಿಕೊಂಡು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂಟಿಯಾಗಿದ್ದ ತಮ್ಮ ಕಾಯಿಯ ಪಕ್ಕ ಬೆರಳಿಟ್ಟು, ಇಲ್ಲಿ ಇನ್ನೊಂದು ಕಾಯಿ ಬರಿ ಎಂದರು. ಮನು ಪೆನ್ಸಿಲ್ ತೆಗೆದ. ಪೆನ್ಸಿಲ್ ಬೇಡ, ಪೆನ್ನು ಎಂದರು. ಹೆಸರೇನು ಬರೆಯಲಿ ಎಂದು ಅವನು ಕೇಳಿದ. ಬೋರ ಎಂದರು. ನಾನು ಕೊಟ್ಟ ಪಾಠದಲ್ಲಿ ಹೆಸರಿನ ಕೆಳಗೆ ಸಂಬಂಧವನ್ನೂ ಬರೆಯಬೇಕು. ಮನು ಮರೆಯುವ ಹುಡುಗನಲ್ಲ. ನಿನಗೆ ಏನಾಗಬೇಕು ತಾತ ಎಂದು ಕೇಳಿದ.

“ಅಣ್ಣ,” ಎಂದರು ಕೆಂಪಣ್ಣನವರು. “ನನ್ಗಿಂತ ಎಲ್ಡ್ ವರ್ಸಕ್ಕೆ ದೊಡ್ಡೋನು.”

ಬೆಂಚಿನ ಕಡೆಯಿಂದ ಯಾರೋ ಕೆಮ್ಮಿದರು. ಇಬ್ಬರು ಎದ್ದು ಹೊರಗೆ ಹೋದರು. ಯಾರೆಂದು ನಾನು ನೋಡಿಟ್ಟುಕೊಂಡಿದ್ದೇನೆ. ಸೋಮವಾರದಿಂದ ಮನು ಮತ್ತೆ ವ್ಯಾನು ಹತ್ತುತ್ತಾನೋ ಏನೋ, ರೂಪಶ್ರೀ ಮನೆಯಲ್ಲಿ ಏನು ಮಾಡುತ್ತಾಳೋ, ಆ ಯೋಚನೆಯೂ ಬಂದು ಹೋಯಿತು. ನಾನು ಅರಳಿ ಮರದ ಹತ್ತಿರ ಹೋಗಿ ಉಗುರಿನಿಂದ ಹಸಿರು ಎಲೆಯನ್ನು ಕಿತ್ತೆ. ಗೋಂದು ಗಟ್ಟಿಯಾಗಿ ಹಿಡಿದಿತ್ತು, ಹೆಸರಿನ ಮೊದಲ ಅಕ್ಷರ ಅರ್ಧ ಕಿತ್ತು ಬಂತು. ಧನುಶ್ರೀ ನನ್ನ ಮುಖ ನೋಡಿ, ಅದನ್ನು ತಿದ್ದಿ ಬರೆದಳು.

ಮುದ್ದಮ್ಮನವರು ನೆಲದ ಮೇಲಿನ ತೆಂಗಿನ ಮರದ ಹತ್ತಿರ ಬಂದರು. ಯಾವುದು ಎಂದು ಕೇಳಿದರು. ಮನು ಅವರ ಬೆರಳು ಹಿಡಿದು ಹೊಸ ಕಾಯಿಯ ಮೇಲಿಟ್ಟ. ಶಾಯಿ ಇನ್ನೂ ಹಸಿಯಾಗಿದ್ದು ಅವರ ಬೆರಳಿಗೆ ಸ್ವಲ್ಪ ಅಂಟಿತು. ಅವರು ನನ್ನ ಕಡೆ ನೋಡಿ, ಏನು ಬರೆದಿದೆ ಓದು ಎಂದರು. ನಾನು ಅವರ ಪಕ್ಕ ನಿಂತು ಓದಿದೆ: “ಬೋರ. ತಾತನ ಅಣ್ಣ.”

ಅವರು ಸ್ವಲ್ಪ ಹೊತ್ತು ಕಾಯಿಯ ಮೇಲಿಂದ ಬೆರಳು ತೆಗೆಯಲಿಲ್ಲ.

“ಇನ್ನೊಂದ್ ಸಲ ಓದವ್ವ,” ಎಂದರು.